ಬೇಡ ಎಂದವರೇ ಬದಲಿ ಬಡಿಸಬೇಕು
ದೊಡ್ಡಮಳೂರಿನ ಅತ್ತೆಯಂದಿರಿಗೆ, ಅವ್ವಂದಿರಿಗೆ, ಅಜ್ಜಿಯಂದಿರಿಗೆ ಒಂದು ಬಹಿರಂಗ ಪತ್ರ

ದೊಡ್ಡಮಳೂರಿನ ಮತ್ತು ಚನ್ನಪಟ್ಟಣ ಸೀಮೆಯ ಎಲ್ಲ ಹಿರಿಯ ಹೆಂಗಸರೇ,

ಮಕ್ಕಳಿಲ್ಲದವರು ಹರಕೆ ಹೊತ್ತು ಬರುವ ಊರು ನಿಮ್ಮದು. ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿರುವ ಅಂಬೆಗಾಲು ಕೃಷ್ಣನ ಮುಂದೆ ನಿಂತು, ಬೆಣ್ಣೆ ಅರ್ಪಿಸಿ, ತೊಟ್ಟಿಲ ಹರಕೆ ಕಟ್ಟಿಕೊಂಡು, ಒಂದು ಕೂಸು ಕೊಡಪ್ಪ ಎಂದು ಬೇಡಿ ಹೋದ ದಂಪತಿಗಳು ಬೆಂಗಳೂರಿನಿಂದ ಮೈಸೂರಿನವರೆಗೂ ಇದ್ದಾರೆ. ಮಗುವಿಗಾಗಿ ಇಷ್ಟು ಹಂಬಲಿಸುವ ಸೀಮೆಯಲ್ಲಿ ಬಸಿರು ನಿಂತ ಸುದ್ದಿ ತಿಳಿದ ಮರುದಿನವೇ ಭಯವೂ ಮನೆಯೊಳಗೆ ಬರುವುದು ಸಹಜ. ಆ ಭಯ ಮೊದಲು ಕೂರುವುದು ಊಟದ ತಟ್ಟೆಯ ಮೇಲೆ. ಪರಂಗಿ ಹಣ್ಣು ತಿನ್ನಬಹುದಾ, ಎಳ್ಳುಂಡೆ ಹೀಟಾಗುತ್ತಾ, ನುಗ್ಗೆಸೊಪ್ಪು ಬೇಡವಾ, ಮೊಟ್ಟೆ ಕೊಡೋದಾ ಬಿಡೋದಾ? ಬಸುರಿ ಹುಡುಗಿ ಈ ಪ್ರಶ್ನೆಗಳನ್ನು ಡಾಕ್ಟರಮ್ಮನನ್ನು ಕೇಳುತ್ತಾಳೆ, ಆಶಾ ಕಾರ್ಯಕರ್ತೆಯನ್ನು ಕೇಳುತ್ತಾಳೆ, ಮೊಬೈಲಿನಲ್ಲೂ ಹುಡುಕುತ್ತಾಳೆ. ಆದರೆ ಕಡೆಯ ಉತ್ತರ ನಿಮ್ಮದು. ಅಡಿಗೆಮನೆ ನಿಮ್ಮ ಸುಪರ್ದಿಯಲ್ಲಿದೆ, ಸಾರಿಗೆ ಏನು ಬೀಳಬೇಕು, ಸಂತೆಯಿಂದ ಏನು ಬರಬೇಕು ಎಂದು ತೀರ್ಮಾನಿಸುವವರು ನೀವು. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ ಮಾತು ಒಂದೇ. ಬಸುರಿಯ ತಟ್ಟೆಯಿಂದ ಒಂದು ಪದಾರ್ಥವನ್ನು ಎತ್ತಿಡುವ ಅಧಿಕಾರ ನಿಮಗೆ ಇರುವುದಾದರೆ, ಅದೇ ಸತ್ವವುಳ್ಳ ಇನ್ನೊಂದನ್ನು ಅದೇ ಹೊತ್ತಿಗೆ ಬಡಿಸುವ ಹೊಣೆಯೂ ನಿಮ್ಮ ಮೇಲಿದೆ. ನಮ್ಮ ಮನೆಗಳಲ್ಲಿ ಮೊದಲನೆಯದು ತಪ್ಪದೆ ನಡೆಯುತ್ತಿದೆ, ಎರಡನೆಯದು ನಡೆಯುತ್ತಿಲ್ಲ. ತಿಂದಿದ್ದರಿಂದ ಕೂಸಿಗೆ ಏನಾಗಿಬಿಡುತ್ತದೋ ಎಂದು ಅಂಜುವ ನಾವು, ತಿನ್ನದೆ ಹೋದದ್ದರಿಂದ ಏನಾಗುತ್ತಿದೆ ಎಂಬುದನ್ನು ಲೆಕ್ಕ ಹಾಕುವುದೇ ಇಲ್ಲ. ಲೆಕ್ಕ ಹಾಕಿ ನೋಡಿದರೆ, ನಮ್ಮ ಜಿಲ್ಲೆಯ ಬಸುರಿಯರಿಗೆ ಬಂದಿರುವ ದೊಡ್ಡ ಅಪಾಯ ತಿನ್ನದೆ ಹೋದದ್ದರಿಂದಲೇ ಬಂದಿದೆ.

ನಿಷೇಧಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ಒಂಬತ್ತು ತಿಂಗಳು ಪರಂಗಿ ತಿನ್ನದಿದ್ದರೆ ಯಾರ ಗಂಟು ಹೋಗುತ್ತದೆ? ನಿಜ, ಏನೂ ಹೋಗುವುದಿಲ್ಲ. ಆದರೆ ಪಟ್ಟಿ ಪರಂಗಿಗೆ ನಿಲ್ಲುವುದಿಲ್ಲ. ಅನಾನಸ್ ಬೇಡ, ಹಲಸು ಬೇಡ, ಮಾವು ಉಷ್ಣ, ಎಳ್ಳು ಉಷ್ಣ, ಬೆಲ್ಲ ಉಷ್ಣ, ಹುರುಳಿಕಾಳು ಉಷ್ಣ, ನುಗ್ಗೆಸೊಪ್ಪು ಉಷ್ಣ, ಮೊಟ್ಟೆ ಮಾಂಸ ಉಷ್ಣ; ಬದನೆಕಾಯಿ ನಂಜು; ಬಾಳೆಹಣ್ಣು, ಸೀಬೆಹಣ್ಣು, ಮೊಸರು ಶೀತ; ಕಡಲೆಕಾಯಿ ಪಿತ್ತ. ಒಬ್ಬ ಅಜ್ಜಿ ಹೇಳಿದ್ದು ನಾಲ್ಕು, ತವರಿನಿಂದ ಬಂದದ್ದು ಮೂರು, ಪಕ್ಕದ ಮನೆಯವರು ಸೇರಿಸಿದ್ದು ಎರಡು. ಯಾರೂ ಪಟ್ಟಿಯಿಂದ ಒಂದನ್ನು ತೆಗೆದುಹಾಕುವ ಧೈರ್ಯ ಮಾಡುವುದಿಲ್ಲ, ಏಕೆಂದರೆ ಸೇರಿಸಿದವರಿಗೆ ಅಪವಾದ ಬರುವುದಿಲ್ಲ, ತೆಗೆದವರಿಗೆ ಬರಬಹುದು. ಹೀಗೆ ಕೂಡುತ್ತಾ ಹೋದ ಪಟ್ಟಿಯನ್ನು ಪೂರ್ತಿ ಪಾಲಿಸಿದ ಹುಡುಗಿಗೆ ಕಡೆಗೆ ಉಳಿಯುವುದು ಅನ್ನ, ತಿಳಿಸಾರು, ಎರಡು ಲೋಟ ಕಾಫಿ. ಹೋದ ಪದಾರ್ಥಗಳನ್ನು ಮತ್ತೆ ನೋಡಿ: ಕಬ್ಬಿಣ ಇದ್ದದ್ದು ಹುರುಳಿ ಮತ್ತು ಸೊಪ್ಪಿನಲ್ಲಿ, ಸುಣ್ಣದ ಅಂಶ ಇದ್ದದ್ದು ಎಳ್ಳಿನಲ್ಲಿ, ಮೈ ಕಟ್ಟುವ ಸತ್ವ ಇದ್ದದ್ದು ಮೊಟ್ಟೆ ಮತ್ತು ಕಡಲೆಕಾಯಿಯಲ್ಲಿ, ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುವ ಸಿ ಜೀವಸತ್ವ ಇದ್ದದ್ದು ಸೀಬೆ, ಪರಂಗಿ, ಮಾವಿನಲ್ಲಿ. ಬಸುರಿಗೆ ಅತಿ ಹೆಚ್ಚು ಬೇಕಾದವುಗಳನ್ನೇ ನಾವು ಆರಿಸಿ ಆರಿಸಿ ತೆಗೆದಿದ್ದೇವೆ.

ಪರಿಣಾಮ ರಕ್ತ ಪರೀಕ್ಷೆಯ ಚೀಟಿಯಲ್ಲಿ ಕಾಣುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ನೂರಕ್ಕೆ 45ಕ್ಕೂ ಹೆಚ್ಚು. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಇಬ್ಬರು ಬಸುರಿಯರಲ್ಲಿ ಒಬ್ಬಳು ರಕ್ತ ಸಾಲದೆ ಹೆರಿಗೆ ಕೋಣೆಗೆ ಹೋಗುತ್ತಾಳೆ. ಮೈಯಲ್ಲಿ ರಕ್ತ ತುಂಬಿರುವ ಹೆಂಗಸು ತಡೆದುಕೊಳ್ಳಬಲ್ಲಷ್ಟೇ ರಕ್ತಸ್ರಾವ ರಕ್ತಹೀನಳಾದವಳ ಪ್ರಾಣ ತೆಗೆಯಬಲ್ಲದು. ಕೂಸು ತಿಂಗಳು ತುಂಬದೆ ಹುಟ್ಟುವ, ತೂಕವಿಲ್ಲದೆ ಹುಟ್ಟುವ ಸಂಭವವೂ ಹೆಚ್ಚುತ್ತದೆ. ಇದಕ್ಕೆ ಊಟವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಬಡತನ, ಬೇಗ ಮದುವೆ, ಒಂದರ ಹಿಂದೆ ಒಂದು ಬಸಿರು, ಹೊಟ್ಟೆಹುಳು ಎಲ್ಲವೂ ಸೇರಿವೆ. ಆದರೆ ತಟ್ಟೆಗೂ ಬಸುರಿಯ ರಕ್ತಕ್ಕೂ ಇರುವ ನಂಟು ಹಳೆಯ ತಿಳಿವಳಿಕೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ಕಡು ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಅದು ಸೋಂಕಲ್ಲ, ಊಟದ ಕೊರತೆ ಎಂದು ಕಂಡುಕೊಂಡು, ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿ ತೋರಿಸಿದಳು. ಆ ಸಾರದಲ್ಲಿದ್ದ ಸತ್ವವನ್ನೇ ನಾವು ಇಂದು ಫೋಲಿಕ್ ಆಸಿಡ್ ಎನ್ನುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಅದೇ.

ಇನ್ನು ಪರಂಗಿಯ ವಿಷಯವನ್ನು ನೇರವಾಗಿ ನೋಡೋಣ, ಏಕೆಂದರೆ ಎಲ್ಲ ಭಯಗಳ ಮುಂದಾಳು ಅದೇ. ಪರಂಗಿ ತಿಂದರೆ ಬಸಿರು ಇಳಿಯುತ್ತದೆ ಎಂಬ ನಂಬಿಕೆ ಏಷ್ಯಾದ ಬೇರೆ ಕಡೆಗಳಲ್ಲೂ ಇದೆ. ಸಿಂಗಪುರದ ಸಂಶೋಧಕರು 2002ರಲ್ಲಿ ಇದನ್ನೇ ಇಲಿಗಳ ಮೇಲೆ ಪರೀಕ್ಷಿಸಿದರು. ಚೆನ್ನಾಗಿ ಮಾಗಿದ ಹಣ್ಣಿನ ರಸದಿಂದ ಬಸಿರಿಗೆ ತೊಂದರೆಯಾಗಲಿಲ್ಲ, ಗರ್ಭಕೋಶವೂ ಹಿಂಡಲಿಲ್ಲ. ಆದರೆ ಕಾಯಿಯನ್ನು ಗೀರಿದಾಗ ಒಸರುವ ಹಾಲು ಗರ್ಭಕೋಶವನ್ನು ಬಲವಾಗಿ ಹಿಂಡಿತು. ಆದ್ದರಿಂದ ಹಿರಿಯರ ಮಾತಿನಲ್ಲಿ ತಿರುಳಿಲ್ಲವೆಂದು ಹೇಳುವಂತಿಲ್ಲ: ಪರಂಗಿಕಾಯಿ, ಅರೆಮಾಗಿದ ಪರಂಗಿ ಬೇಡ ಎನ್ನುವುದು ಸರಿ. ತಪ್ಪಾದದ್ದು ಕಾಯಿಗೆ ಹೇಳಿದ್ದನ್ನು ಹಣ್ಣಿಗೂ ಹಚ್ಚಿದ್ದು, ಆಮೇಲೆ ಹಳದಿ ಬಣ್ಣದ ಹಣ್ಣುಗಳಿಗೆಲ್ಲ ಹಬ್ಬಿಸಿದ್ದು. ಅನಾನಸ್ಸಿನ ಮೇಲೆ ಅಪವಾದ ಹೊರಿಸಿರುವ ಬ್ರೋಮೆಲಿನ್ ಎಂಬ ಅಂಶ ಹೆಚ್ಚಾಗಿ ಇರುವುದು ಅದರ ದಿಂಡಿನಲ್ಲಿ. ಊಟದ ಮೇಲೆ ತಿಂದ ಎರಡು ಹೋಳಿನಿಂದ ಬಸಿರು ಇಳಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಎಳ್ಳಿನ ವಿಷಯದಲ್ಲೂ ಹಾಗೆಯೇ. ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕೂಸಿನ ಮೂಳೆ ಕಟ್ಟಬೇಕಾದ ಹೊತ್ತಿನಲ್ಲಿ ಅದನ್ನು ಹೊರಗಿಟ್ಟರೆ, ಆ ಕ್ಯಾಲ್ಸಿಯಂ ತಾಯಿಯ ಮೂಳೆಯಿಂದಲೇ ಹೋಗಬೇಕು.

ಆಧಾರವಿಲ್ಲದಿದ್ದರೆ ಭಯ ಇಷ್ಟು ಕಾಲ ಏಕೆ ಉಳಿಯಿತು ಎಂಬುದು ನಿಮ್ಮ ಮೊದಲ ಆಕ್ಷೇಪವಾಗಬಹುದು. ಕಾರಣ ದುಃಖದ್ದು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದುಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಬೀಜ ಮೂಡುವಾಗಲೇ ವರ್ಣತಂತುಗಳ ಎಣಿಕೆಯಲ್ಲಾದ ಏರುಪೇರು. ಅದನ್ನು ತಾಯಿಯ ಊಟ ತರಲಾರದು, ತಡೆಯಲೂ ಆರದು. ಆದರೆ ಬಸಿರು ಇಳಿದ ಮನೆಯಲ್ಲಿ ಕಾರಣ ಬೇಕೇ ಬೇಕು. ಹಿಂದಿನ ವಾರ ಏನು ತಿಂದಳು ಎಂದು ನೆನಪಿಸಿಕೊಂಡರೆ, ಇಷ್ಟುದ್ದದ ಪಟ್ಟಿಯಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಮಾವಿನ ಹಣ್ಣು ತಿಂದು ಸುಖವಾಗಿ ಹೆತ್ತ ಸಾವಿರ ಹೆಂಗಸರ ಮಾತು ಯಾರೂ ಎತ್ತುವುದಿಲ್ಲ. ತಿಂದ ವಾರದಲ್ಲಿ ಕಳೆದುಕೊಂಡ ಒಬ್ಬಳ ಕಥೆ ಮೂರು ತಲೆಮಾರು ನಡೆಯುತ್ತದೆ. ಇದರಿಂದ ಆಗುವ ಇನ್ನೊಂದು ಕೇಡು ನನ್ನನ್ನು ಹೆಚ್ಚು ನೋಯಿಸುತ್ತದೆ. ಮೊದಲೇ ನೊಂದ ಹುಡುಗಿಯ ತಲೆಯ ಮೇಲೆ ‘ನೀನೇ ತಿಂದು ಕಳೆದುಕೊಂಡೆ’ ಎಂಬ ಹೊರೆ ಬೀಳುತ್ತದೆ. ಅವಳು ಮುಂದಿನ ಬಸಿರಿನಲ್ಲಿ ಹೆದರಿ ಇನ್ನೂ ಕಡಿಮೆ ತಿನ್ನುತ್ತಾಳೆ. ತಾಯಂದಿರೇ, ಬಸಿರು ನಿಲ್ಲದ ಮನೆಯಲ್ಲಿ ದಯವಿಟ್ಟು ಊಟದ ವಿಚಾರಣೆ ಮಾಡಬೇಡಿ. ನಿಮ್ಮ ಸೊಸೆ ತಪ್ಪು ಮಾಡಿಲ್ಲ ಎಂದು ಮೊದಲು ಹೇಳಬೇಕಾದವರು ನೀವೇ.

‘ಚೆನ್ನಾಗಿ ತಿಂದರೆ ಕೂಸು ದಪ್ಪವಾಗುತ್ತದೆ, ಹೆರಿಗೆ ಕಷ್ಟ, ಆಪರೇಷನ್ ಮಾಡಿಬಿಡುತ್ತಾರೆ’ ಎಂಬುದು ಎರಡನೆಯ ಆಕ್ಷೇಪ. ಇದು ಅರಿವುಗೇಡಿತನದ ಮಾತಲ್ಲ; ಆಸ್ಪತ್ರೆ ಹತ್ತಿರವಿಲ್ಲದ ಕಾಲದಲ್ಲಿ ಹೆಂಗಸರು ತಮ್ಮ ಜೀವ ಉಳಿಸಿಕೊಳ್ಳಲು ಹಾಕಿದ ಲೆಕ್ಕ. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು ಬರೆದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಹೊಟ್ಟೆಯೊಳಗಿನ ಜಾಗವನ್ನು ಅನ್ನವೂ ಕೂಸೂ ಹಂಚಿಕೊಳ್ಳಬೇಕು, ಹೆಚ್ಚು ಉಂಡರೆ ಕೂಸಿಗೆ ಜಾಗ ಸಾಲದು ಎಂಬ ನಂಬಿಕೆಯನ್ನೂ, ಕೂಸು ಚಿಕ್ಕದಾಗಿದ್ದರೆ ಹೆರಿಗೆ ಸುಲಭ ಎಂಬ ಆಸೆಯನ್ನೂ ಅವರು ಅಲ್ಲಿ ದಾಖಲಿಸಿದ್ದಾರೆ. ಆದರೆ ಕೂಸು ಬೆಳೆಯುವುದು ಗರ್ಭಕೋಶದಲ್ಲಿ, ಅನ್ನ ಇಳಿಯುವುದು ಜಠರಕ್ಕೆ. ಒಂದರ ಜಾಗ ಇನ್ನೊಂದಕ್ಕೆ ಹೋಗುವುದಿಲ್ಲ. ತುಂಬು ತಿಂಗಳಲ್ಲಿ ಹೊಟ್ಟೆ ಒತ್ತಿ ಊಟ ಸೇರದಿದ್ದರೆ ಮೂರು ಹೊತ್ತಿನದನ್ನು ಐದಾರು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕೇ ಹೊರತು ಕಡಿಮೆ ಮಾಡುವುದಲ್ಲ. ಊಟ ಕಡಿಮೆಯಾದಾಗ ಮೊದಲು ಸೊರಗುವುದು ತಾಯಿಯ ಮೈ. ಹೆರುವುದಕ್ಕೆ ಬೇಕಾದ ಕಸುವು ಅಲ್ಲಿಗೇ ಹೋಯಿತು.

ಚಿಕ್ಕ ಕೂಸಿನ ಮುಂದಿನ ಕಥೆಯನ್ನು ಜಗತ್ತಿಗೆ ತಿಳಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹಾಗೆ 1954ರೊಳಗೆ ಹುಟ್ಟಿದವರಲ್ಲಿ 517 ಮಂದಿಯನ್ನು ಸಂಶೋಧಕರು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕೆಜಿಗೆ ಮೇಲ್ಪಟ್ಟು ಚೆನ್ನಾಗಿ ತೂಗಿದವರಲ್ಲಿ ಅದು ನೂರಕ್ಕೆ 3 ಮಾತ್ರ. ಕಡಿಮೆ ತೂಕದಲ್ಲಿ ಹುಟ್ಟಿದವರ ತಾಯಿಯೂ ಬಸುರಿಯಾಗಿದ್ದಾಗ 45 ಕೆಜಿಗಿಂತ ಕಡಿಮೆ ತೂಗುತ್ತಿದ್ದರೆ ಆ ಸಂಖ್ಯೆ ನೂರಕ್ಕೆ 20ಕ್ಕೆ ಏರಿತ್ತು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ; ಒಬ್ಬೊಬ್ಬರ ಕಾಯಿಲೆಗೆ ಇದೇ ಕಾರಣವೆಂದು ಹೇಳುವುದಿಲ್ಲ. ಹಾಗಿದ್ದರೂ ಬೇರೆ ಬೇರೆ ದೇಶಗಳಲ್ಲಿ ಇಂಥದೇ ನಂಟು ಮತ್ತೆ ಮತ್ತೆ ಕಂಡಿರುವುದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಹೆರಿಗೆಯ ಒಂದು ರಾತ್ರಿ ಸುಲಭವಾಗಲಿ ಎಂದು ಕೂಸನ್ನು ಚಿಕ್ಕದಾಗಿಸಿದರೆ, ಅದರ ಬೆಲೆಯನ್ನು ಆ ಮಗು ನಲವತ್ತು ಐವತ್ತರ ವಯಸ್ಸಿನಲ್ಲಿ ತೆರಬೇಕಾಗಬಹುದು.

‘ನಾವೆಲ್ಲ ಹೀಗೆಯೇ ಪಥ್ಯ ಮಾಡಿ ಆರು, ಎಂಟು ಹೆತ್ತೆವಲ್ಲ, ನಮಗೇನಾಯಿತು?’ ಎಂಬುದು ಮೂರನೆಯ ಆಕ್ಷೇಪ. ನಿಮ್ಮ ಗಟ್ಟಿತನವನ್ನು ನಾನು ಗೌರವಿಸುತ್ತೇನೆ. ಆದರೆ ಈ ಸಾಕ್ಷ್ಯ ಹೇಳಲು ಉಳಿದವರು ಬದುಕಿ ಉಳಿದವರು ಮಾತ್ರ. ಹೆರಿಗೆಯಲ್ಲಿ ತೀರಿಹೋದ ನಿಮ್ಮ ಓರಗೆಯವರು, ತೊಟ್ಟಿಲಲ್ಲೇ ಹೋದ ಕೂಸುಗಳು ಇಲ್ಲಿ ಮಾತಾಡಲಾರವು. ಕರ್ನಾಟಕದಲ್ಲಿ 2001–03ರ ಹೊತ್ತಿಗೂ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ರಕ್ತ, ಮಾತ್ರೆ, ತಪಾಸಣೆ ಎಲ್ಲ ಸೇರಿ ತಂದ ಇಳಿಕೆ ಅದು. ಇನ್ನೊಂದು ವ್ಯತ್ಯಾಸವನ್ನೂ ನೋಡಿ. ನಿಮ್ಮ ಕಾಲದ ಪಥ್ಯದ ಕೆಳಗೆ ರಾಗಿಮುದ್ದೆ, ಬೆರಕೆಸೊಪ್ಪಿನ ಬಸ್ಸಾರು, ಅವರೆಕಾಳು, ಮನೆಯ ಕರಾವಿನ ಹಾಲುಮಜ್ಜಿಗೆ ಇದ್ದವು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳ್ಳಗೆ ಮಾಡಿಸಿದ ಅಕ್ಕಿಯಲ್ಲಿ ಅದರ ಒಂದಿಷ್ಟು ಪಾಲೂ ಇಲ್ಲ. ಈಗಿನ ಮನೆಗಳಲ್ಲಿ ಮುದ್ದೆ ಕಡಿಮೆಯಾಗಿ ಅಕ್ಕಿ ಹೆಚ್ಚಾಗಿದೆ, ಹೊಲದ ಬದುವಿನ ಸೊಪ್ಪು ಹೋಗಿ ಬೇಕರಿಯ ಬನ್ನು ಬಂದಿದೆ. ಹಳೆಯ ಊಟ ಹೋದ ಮೇಲೂ ಹಳೆಯ ನಿಷೇಧಗಳನ್ನು ಮಾತ್ರ ಉಳಿಸಿಕೊಂಡರೆ ಹುಡುಗಿಗೆ ಏನು ದಕ್ಕುತ್ತದೆ?

ನಾಲ್ಕನೆಯ ಆಕ್ಷೇಪ ಶಾಸ್ತ್ರದ್ದು: ಉಷ್ಣ ಶೀತ ಎನ್ನುವುದು ಆಯುರ್ವೇದವೇ ಹೇಳಿದ್ದು, ಅದನ್ನು ಹೇಗೆ ಬಿಡುವುದು? ಬಿಡಬೇಕಾಗಿಲ್ಲ, ಪೂರ್ತಿ ಕೇಳಿಸಿಕೊಂಡರೆ ಸಾಕು. ಚರಕಸಂಹಿತೆ ಬಸುರಿಗೆ ಅತಿ ಉಷ್ಣ, ಅತಿ ತೀಕ್ಷ್ಣವಾದದ್ದು ಬೇಡ, ಮದ್ಯ ಬೇಡ ಎನ್ನುತ್ತದೆ. ಆದರೆ ಅದೇ ಗ್ರಂಥ ತಿಂಗಳು ತಿಂಗಳಿಗೂ ಏನು ಕೊಡಬೇಕೆಂದೂ ಹೇಳುತ್ತದೆ: ಮೊದಲ ತಿಂಗಳಿನಿಂದ ಹಾಲು, ಮೂರರಲ್ಲಿ ಜೇನುತುಪ್ಪವೂ ತುಪ್ಪವೂ ಕೂಡಿದ ಹಾಲು, ನಾಲ್ಕರಲ್ಲಿ ಬೆಣ್ಣೆ. ಬಸುರಿಯ ಬಯಕೆಯನ್ನು ತಳ್ಳಬಾರದು, ತೀರಾ ಹಂಬಲಿಸಿದರೆ ಹಿತವಲ್ಲದ್ದನ್ನೂ ಹಿತವಾದದ್ದರ ಜೊತೆ ಬೆರೆಸಿ ಕೊಡಬೇಕು ಎಂಬಷ್ಟು ದೂರ ಅದು ಹೋಗುತ್ತದೆ. ನಮ್ಮ ಸೀಮೆಯ ಬಯಕೆ ಊಟ, ಸೀಮಂತ, ತವರಿನವರು ಬುತ್ತಿ ಕಟ್ಟಿಕೊಂಡು ಬರುವ ಪದ್ಧತಿ ಎಲ್ಲ ಇದೇ ವಿವೇಕದಿಂದ ಬಂದವು. ಹಿರಿಯರಿಂದ ನಮಗೆ ಎರಡು ಬಗೆಯ ಮಾತುಗಳು ಬಂದಿವೆ: ಒಂದು ‘ಇದು ಬೇಡ’, ಇನ್ನೊಂದು ‘ನಿನಗೇನು ಬೇಕವ್ವ’. ಎರಡನೆಯದನ್ನು ಬಸಿರಿಗೊಂದು ದಿನದ ಶಾಸ್ತ್ರವಾಗಿಸಿ, ಮೊದಲನೆಯದನ್ನು ದಿನದ ಕಟ್ಟಳೆಯಾಗಿಸಿದ್ದೇವೆ. ಪರಂಪರೆಗೆ ನಿಷ್ಠರಾಗಿರಬೇಕೆಂದರೆ ಎರಡನ್ನೂ ಪಾಲಿಸಬೇಕು.

ಉಪವಾಸದ ಮಾತೂ ಇಲ್ಲಿಯೇ ಬರುತ್ತದೆ. ಗ್ರಹಣದ ದಿನ ಬಸುರಿಯನ್ನು ಕತ್ತಲ ಕೋಣೆಯಲ್ಲಿ ನೀರೂ ಇಲ್ಲದೆ ಗಂಟೆಗಟ್ಟಲೆ ಕೂರಿಸುವುದರಿಂದ ಅವಳ ಮೈ ಒಣಗುತ್ತದೆ, ತಲೆ ಸುತ್ತುತ್ತದೆ; ಕೂಸಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಹೊರಗೆ ಬರುವುದು ಬೇಡವೆನಿಸಿದರೆ ಒಳಗೇ ಕೂರಲಿ, ಆದರೆ ನೀರು ಮತ್ತು ಊಟ ಒಳಕ್ಕೆ ಹೋಗಲಿ. ಚನ್ನಪಟ್ಟಣದ ಮುಸ್ಲಿಂ ಮನೆಗಳ ಅಮ್ಮಂದಿರಿಗೂ ಒಂದು ಮಾತು: ತನಗೋ ಕೂಸಿಗೋ ತೊಂದರೆಯಾದೀತೆಂಬ ಅಂಜಿಕೆ ಇದ್ದರೆ ಬಸುರಿ ರಂಜಾನ್ ಉಪವಾಸ ಬಿಟ್ಟು ಮುಂದೆ ತೀರಿಸಬಹುದೆಂದು ನಿಮ್ಮ ಧರ್ಮವೇ ಅವಕಾಶ ಕೊಟ್ಟಿದೆ. ದೇವರು ಕೊಟ್ಟ ರಿಯಾಯಿತಿಯನ್ನು ಮನೆಯವರು ಕಸಿದುಕೊಳ್ಳಬಾರದು.

‘ಹಾಗಾದರೆ ಏನನ್ನೂ ತಡೆಯಬಾರದೇ?’ ಎಂದು ನೀವು ಕೇಳುತ್ತೀರಿ. ತಡೆಯಲೇಬೇಕು, ಆದರೆ ನಿಜವಾದ ಅಪಾಯ ಇರುವ ಕಡೆ. ಎಲ್ಲಕ್ಕಿಂತ ಮೊದಲು ನೀರು. ಕೊಳಚೆ ಬೆರೆತ ನೀರಿನಿಂದ ಬರುವ ಕಾಮಾಲೆಗಳಲ್ಲಿ ಹೆಪಟೈಟಿಸ್ ‘ಇ’ ಎಂಬುದೊಂದಿದೆ. ಬೇರೆಯವರಿಗೆ ಅದು ಸಾಮಾನ್ಯವಾಗಿ ಬಂದು ಹೋಗುವ ಕಾಯಿಲೆ. ಆದರೆ ಕೊನೆಯ ಮೂರು ತಿಂಗಳಲ್ಲಿರುವ ಬಸುರಿಗೆ ತಗುಲಿದರೆ ನೂರಕ್ಕೆ 20ರಿಂದ 25 ಮಂದಿ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಪರಂಗಿಯ ಬಗ್ಗೆ ಹತ್ತು ಸಲ ಎಚ್ಚರಿಸುವ ಮನೆಯಲ್ಲಿ ಕುದಿಸಿದ ನೀರಿನ ಬಗ್ಗೆ ಒಂದು ಸಲವೂ ಮಾತು ಬರುವುದಿಲ್ಲ. ಬಸುರಿ ಕುಡಿಯುವ ನೀರು ಕುದಿಸಿ ಆರಿಸಿದ್ದಾಗಿರಲಿ. ಜಾತ್ರೆಯ ಪಾನಕ, ರಸ್ತೆಬದಿಯ ಕಬ್ಬಿನ ಹಾಲು, ಐಸು, ಪಾನಿಪೂರಿ ಒಂಬತ್ತು ತಿಂಗಳು ದೂರವಿರಲಿ. ಹಾಲು ಕಾಯಿಸದೆ ಕೊಡಬೇಡಿ. ಮೊಟ್ಟೆ, ಮಾಂಸ, ಕೆರೆಮೀನು ಕೊಡಿ, ಆದರೆ ಒಳಗಿನವರೆಗೂ ಬೆಂದಿರಬೇಕು. ಹಸಿಮಾಂಸದಲ್ಲೂ ಬೆಕ್ಕಿನ ಹೇಲು ಬೆರೆತ ಮಣ್ಣಿನಲ್ಲೂ ಇರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಕೂಸಿನ ಕಣ್ಣು, ಮಿದುಳಿಗೆ ಪೆಟ್ಟು ಕೊಡಬಲ್ಲದು. ಹಸಿಯಾಗಿ ತಿನ್ನುವ ಸೌತೆ, ಗಜ್ಜರಿ, ಕೊತ್ತಂಬರಿಯನ್ನು ಮಣ್ಣು ಹೋಗುವಂತೆ ತೊಳೆಯಿರಿ. ರಾತ್ರಿ ಉಳಿದದ್ದನ್ನು ಬಸುರಿಗೆ ಬಡಿಸುವ ಅಭ್ಯಾಸ ಬಿಡಿ.

ನಮ್ಮದು ಮಾವಿನ ಜಿಲ್ಲೆ. ಹಣ್ಣಿನ ಉಷ್ಣಕ್ಕೆ ಹೆದರುವ ಬದಲು ಹಣ್ಣು ಮಾಗಿದ ಬಗೆಯನ್ನು ವಿಚಾರಿಸಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸುವುದನ್ನು ಕಾನೂನು ನಿಷೇಧಿಸಿದೆ, ಏಕೆಂದರೆ ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಸೇರಿರುತ್ತದೆ. ತೋಟದಿಂದ ತಂದು ಹುಲ್ಲಿನಲ್ಲಿ ಹಣ್ಣು ಮಾಡಿದ ಮಾವು ಮಿತವಾಗಿ ತಿಂದರೆ ಬಸುರಿಗೆ ಒಳ್ಳೆಯದೇ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ತಿಂದ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಗಂಟೆ ಬಿಟ್ಟು ಕುಡಿಯಲಿ, ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಲಿ. ಬದಲಿಗೆ ಊಟದ ಜೊತೆ ನಿಂಬೆರಸ ಹಿಂಡಿ. ಬಸುರಿ ಕದ್ದು ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುತ್ತಿದ್ದರೆ ಬೈಯಬೇಡಿ. ಅದು ಹಲವು ಸಲ ಕಬ್ಬಿಣದ ಕೊರತೆಯ ಗುರುತು. ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹೆಸರು, ಒಳಗಿನ ಸಾಮಗ್ರಿ ಗೊತ್ತಿಲ್ಲದ ಭಸ್ಮ, ಲೇಹ್ಯ, ಪುಡಿಗಳನ್ನು ಗಂಡುಮಗುವಾಗಲೆಂದೋ ಮಗು ಬೆಳ್ಳಗಾಗಲೆಂದೋ ಕೊಡಬೇಡಿ; ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿರುವುದುಂಟು. ಮಗುವಿನ ಬಣ್ಣ ತಂದೆತಾಯಿಗಳಿಂದ ಬರುತ್ತದೆ. ಕೇಸರಿ ಹಾಲು ಅದನ್ನು ಬದಲಿಸದು, ಕಬ್ಬಿಣದ ಮಾತ್ರೆ ಅದನ್ನು ಕಪ್ಪಾಗಿಸದು. ಮಾತ್ರೆ ನುಂಗಿದಾಗ ಮಲ ಕಪ್ಪಾಗುತ್ತದೆ, ಅಷ್ಟೇ.

ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಮುಂಬೈಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಗಿಯುವ, ಉಜ್ಜುವ ತಂಬಾಕು ಬಳಸಿದ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ತಿಂಗಳು ತುಂಬದ ಹೆರಿಗೆಗಳೂ ಹೆಚ್ಚಾಗಿದ್ದವು. ನಮ್ಮ ಮನೆಗಳ ಉಷ್ಣದ ಪಟ್ಟಿಯಲ್ಲಿ ಎಳ್ಳಿದೆ, ಹೊಗೆಸೊಪ್ಪಿಲ್ಲ. ಬಸುರಿ ಒಂದು ಚಿಟಿಕೆಯನ್ನೂ ಬಾಯಿಗೆ ಹಾಕದಂತೆ ನೋಡಿಕೊಳ್ಳುವುದು, ಅವಳ ಎದುರು ಬೀಡಿ ಸಿಗರೇಟು ಹಚ್ಚುವ ಗಂಡಸರನ್ನು ಹೊರಗೆ ಕಳಿಸುವುದು ನಿಮ್ಮಿಂದ ಮಾತ್ರ ಸಾಧ್ಯ.

ಅತಿಯಾದ ಅಕ್ಕರೆಯಲ್ಲೂ ಅಳತೆ ಬೇಕು. ‘ಇಬ್ಬರ ಪಾಲು ಉಣ್ಣು’ ಎಂದು ಸಿಹಿ, ಅನ್ನ, ಕರಿದದ್ದನ್ನೇ ತುಂಬಿದರೆ ಅದೂ ಕೇಡು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕಿಲೋ ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿಯಲ್ಲಿ ಅದು ಹೆಚ್ಚುಕಡಿಮೆ ತೀರಿಹೋಗುತ್ತದೆ. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಈಗ ಹಳ್ಳಿಗಳಲ್ಲೂ ಇದೆ. ಆ ಪರೀಕ್ಷೆ ತಪ್ಪಿಸಬೇಡಿ. ಸಕ್ಕರೆ ಇದೆಯೆಂದು ಗೊತ್ತಾದವಳಿಗೆ, ರಕ್ತದೊತ್ತಡ ಇರುವವಳಿಗೆ, ಯಾವುದೋ ಪದಾರ್ಥ ಒಗ್ಗದೆ ಮೈ ತುರಿಸುವವಳಿಗೆ ಡಾಕ್ಟರು ಹೇಳುವ ಪಥ್ಯ ಬೇರೆ, ಅದನ್ನು ಪಾಲಿಸಲೇಬೇಕು. ಪಥ್ಯ ಆ ಹುಡುಗಿಯ ಮೈ ನೋಡಿ ಹುಟ್ಟಬೇಕು, ಊರಿಗೆಲ್ಲ ಒಂದೇ ಪಟ್ಟಿಯಾಗಬಾರದು.

ಬದಲಿ ಬಡಿಸಲು ನಮ್ಮ ಮನೆಯಲ್ಲಿ ಏನಿದೆ ಎಂಬ ಬಡವರ ಪ್ರಶ್ನೆಗೂ ಉತ್ತರವಿದೆ. ಪರಂಗಿಗೆ ಮನಸ್ಸು ಒಪ್ಪದಿದ್ದರೆ ಸೀಬೆಯೋ ನೆಲ್ಲಿಯೋ ಕೊಡಿ. ಎಳ್ಳು ಬೇಡವೆಂದರೆ ರಾಗಿ ಹೆಚ್ಚಿಸಿ. ಹುರುಳಿ ಬೇಡವೆಂದರೆ ಹೆಸರುಕಾಳು, ಅಲಸಂದೆಯ ಸಾರು ಮಾಡಿ. ನುಗ್ಗೆಸೊಪ್ಪು ಬೇಡವೆಂದರೆ ದಂಟು, ಕೀರೆ, ಹೊನಗನ್ನೆ ಸೊಪ್ಪಿನ ಮಸ್ಸೊಪ್ಪು ಇದೆ. ಇದಲ್ಲದೆ 2017ರ ಅಕ್ಟೋಬರ್ 2ರಿಂದ ರಾಜ್ಯದ ಅಂಗನವಾಡಿಗಳಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು: ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಅನ್ನ, ತರಕಾರಿ ಬೇಳೆಯ ಸಾರು, ಹಾಲು, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು, ಕಡಲೆಕಾಯಿ ಚಿಕ್ಕಿ. ಸೊಸೆ ಅಂಗನವಾಡಿಗೆ ಹೋಗಿ ಉಣ್ಣುವುದು ಮನೆತನಕ್ಕೆ ಕಡಿಮೆ ಎಂಬ ಬಿಂಕ ಬೇಡ. ಅದು ಭಿಕ್ಷೆಯಲ್ಲ, ಅವಳ ಪಾಲು. ಅಲ್ಲಿ ಉಂಡು ಬಂದಳೆಂದು ಮನೆಯ ಊಟ ಕಡಿಮೆ ಮಾಡಿದರೆ ಯೋಜನೆಯ ಉದ್ದೇಶವೇ ಕೆಡುತ್ತದೆ. ಕಬ್ಬಿಣದ ಮಾತ್ರೆ 180 ದಿನ ತಪ್ಪಬಾರದು. ವಾಕರಿಕೆ ಬಂದರೆ ಬಿಡಿಸುವ ಬದಲು ರಾತ್ರಿ ಊಟದ ಮೇಲೆ ಕೊಟ್ಟು ನೋಡಿ, ಆಗಲೂ ಆಗದಿದ್ದರೆ ಆಸ್ಪತ್ರೆಯಲ್ಲಿ ಕೇಳಿ.

ಕಡೆಯದಾಗಿ ಒಂದು ವಿನಂತಿ. ನಮ್ಮ ಬಹುಪಾಲು ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಎಲ್ಲರಾದ ಮೇಲೆ ಸೊಸೆ ಉಣ್ಣುತ್ತಾಳೆ. ಅಷ್ಟರಲ್ಲಿ ಸಾರಿನ ಕಾಳು ಖಾಲಿ, ಮೊಟ್ಟೆ ಮುಗಿದಿರುತ್ತದೆ, ಪಲ್ಯ ತಳದಲ್ಲಿರುತ್ತದೆ. ಯಾವ ಪದಾರ್ಥವನ್ನೂ ನಿಷೇಧಿಸದೆಯೇ ಅವಳ ತಟ್ಟೆ ಬರಿದಾಗಲು ಈ ಸರತಿ ಒಂದೇ ಸಾಕು. ಇದನ್ನು ಸರ್ಕಾರ ಬದಲಿಸಲಾಗದು, ಡಾಕ್ಟರು ಬದಲಿಸಲಾಗದು, ಆ ಹುಡುಗಿ ಬಾಯಿಬಿಟ್ಟು ಕೇಳಲಾರಳು. ಮುಂದಿನ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ನೀವೇ ಜೊತೆಗೆ ಹೋಗಿ, ನಿಮ್ಮ ಪಟ್ಟಿಯನ್ನು ಡಾಕ್ಟರ ಮುಂದೆ ಓದಿ, ಯಾವುದು ನಿಜವಾಗಿಯೂ ಬೇಡ ಎಂದು ಕೇಳಿ ಉಳಿದವನ್ನು ಹೊಡೆದುಹಾಕಿಸಿ. ಮನೆಗೆ ಬಂದ ಮೇಲೆ, ಬಸುರಿ ಮನೆಯಲ್ಲಿರುವಷ್ಟು ದಿನ ಮೊದಲ ತಟ್ಟೆ ಅವಳದೆಂದು ಎಲ್ಲರ ಎದುರು ಹೇಳಿ. ನೀವು ಹೇಳಿದರೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಆ ಅಧಿಕಾರವನ್ನು ಇಷ್ಟು ದಿನ ತಡೆಯುವುದಕ್ಕೆ ಬಳಸಿದ್ದೀರಿ. ಇನ್ನು ಮುಂದೆ ಬಡಿಸುವುದಕ್ಕೆ ಬಳಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಮನೆಯ ಹೆಣ್ಣುಮಕ್ಕಳ ಹಿತ ಬಯಸುವ
ಒಬ್ಬ ಬರಹಗಾರ್ತಿ